ಬ್ಯಾರನ್ ಸುಟ್ಟ ಸಾಹೇಬರು

ಅವರು ತೀರಿಕೊಂಡ ಸುದ್ದಿಯನ್ನು ನನಗೆ ತಿಳಿಸಿದವನು ನಗುನಗುತ್ತಲೇ ತಿಳಿಸಿದ. ನನ್ನ ಹಳೆಯ ವಿದ್ಯಾರ್ಥಿ. ಹುಣಸೂರಿನ ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಸುಲಿಯುತ್ತ ನಿಂತಿದ್ದವನು ನನ್ನನ್ನು ಕಂಡು ಹತ್ತಿರ ಬಂದ. "ಮೇಷ್ಟ್ರೇ, ಇಸ್ಯ ಗೊತ್ತಾಯ್ತಾ? ನಿಮ್ ಪಕ್ಕದ್ ರೂಮಲ್ಲಿದ್ರಲ್ಲ, ಬ್ಯಾರನ್ ಸುಟ್ಟ ಸಾಹೇಬ್ರು, ತೀರ್ಕಂಡ್ರಂತೆ" ಎಂದು ಅಂಗೈಯ ಸಿಪ್ಪೆಯನ್ನು ಊದಿದ.

ಬ್ಯಾರನ್ ಸುಟ್ಟ ಸಾಹೇಬ್ರಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಒಂದೇ ಒಂದು ಬ್ಯಾರನ್ನೂ ಸುಡಬಾರದೆಂದು ಹುಣಸೂರು, ಪಿರಿಯಾಪಟ್ಟಣದ ಹಳ್ಳಿಹಳ್ಳಿಗೂ ಸೈಕಲ್ಲು ತುಳಿದು ಮಂಡಿ ಸವೆಸಿಕೊಂಡ ಮನುಷ್ಯನಿಗೆ ನಮ್ಮ ಜನ ಇಟ್ಟ ಹೆಸರು ಇದು. ಇಂಥ ಜನದ ಮಕ್ಕಳಿಗೆ ನಾನು ಇಷ್ಟು ವರ್ಷ ಅಕ್ಷರ ಕಲಿಸಿದ್ದೇನೆ. ಕಲಿಸಿದ್ದು ಏನು ಉಪಯೋಗಕ್ಕೆ ಬಂತೋ ದೇವರೇ ಬಲ್ಲ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಬ್ಯಾರನ್ ಎಂದರೆ ಹೊಗೆಸೊಪ್ಪು ಒಣಗಿಸುವ ಮನೆ. ಕಿಟಕಿಯಿಲ್ಲದ ನಾಲ್ಕು ಎತ್ತರದ ಗೋಡೆ, ಮೇಲೆ ಹೆಂಚು. ಒಳಗೆ ಅಡ್ಡಗಳಗಳ ಮೇಲೆ ಎಲೆ ಕಟ್ಟಿದ ಕಡ್ಡಿಗಳನ್ನು ಸಾಲುಸಾಲಾಗಿ ತೂಗುಹಾಕುತ್ತಾರೆ. ಒಲೆ ಹೊರಗಡೆ. ಒಲೆಯ ಬಿಸಿ, ಹೊಗೆ ಎರಡೂ ತಗಡಿನ ದಪ್ಪ ಕೊಳವೆಯಲ್ಲಿ ಒಳಗಿನ ನೆಲವನ್ನೆಲ್ಲ ಒಂದು ಸುತ್ತು ಹಾಕಿ, ಗೋಡೆಯಿಂದ ಹೊರಬಿದ್ದು, ಚಿಮಣಿಯಲ್ಲಿ ಮೇಲಕ್ಕೆ ಹೋಗಬೇಕು. ಬಿಸಿ ಒಳಗೆ ಉಳಿಯಬೇಕು, ಹೊಗೆ ಹೊರಗೆ ಹೋಗಬೇಕು, ಅಷ್ಟೇ. ಆ ಕೊಳವೆ ಹೇಗಿರಬೇಕು, ಎಲ್ಲಿ ತಿರುಗಬೇಕು, ಎಲ್ಲಿ ಮುಗಿಯಬೇಕು ಎಂಬುದಕ್ಕೆಲ್ಲ ಕಟ್ಟಳೆಗಳಿದ್ದವು. ಅವನ್ನು ನೋಡಿ ಲೈಸೆನ್ಸಿಗೆ ಸಹಿ ಹಾಕುವುದು ಈ ಸಾಹೇಬರ ಕೆಲಸ. ಯಾವ ಕಚೇರಿ ಎಂದು ಬರೆಯುವುದಿಲ್ಲ. ಅದರ ಹೆಸರಿಗೆ ನನ್ನ ಶಾಯಿ ದಂಡ. ಇವರ ಹೆಸರನ್ನೂ ಬರೆಯುವುದಿಲ್ಲ. ಅದಕ್ಕೆ ಬೇರೆ ಕಾರಣವಿದೆ, ಆಮೇಲೆ ಹೇಳುತ್ತೇನೆ.

ನಮ್ಮದು ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವಿನ ಒಂದು ಊರು. ಒಂದು ದೊಡ್ಡ ಮನೆಯ ಜಗಲಿಗೆ ಸೇರಿದ ಎರಡು ಕೋಣೆಗಳಲ್ಲಿ ಒಂದರಲ್ಲಿ ನಾನಿದ್ದೆ, ಇನ್ನೊಂದಕ್ಕೆ ಇವರು ಬಾಡಿಗೆಗೆ ಬಂದರು. ಕೆ.ಆರ್. ನಗರದ ಕಡೆಯವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಎತ್ತರದ ಸಣಕಲು ಆಳು. ಬ್ಯಾರನ್ನಿನ ಗಿಡ್ಡ ಬಾಗಿಲಲ್ಲಿ ನುಗ್ಗಿ ನುಗ್ಗಿ ಬೆನ್ನು ಬಾಗಿಯೇ ಹೋಗಿತ್ತು. ಎಷ್ಟು ತೊಳೆದರೂ ಕಿವಿಯ ಸಂದಿಯಲ್ಲಿ ಮಸಿ. ಕೈಯಲ್ಲಿ ಯಾವಾಗಲೂ ಒಂದು ಕಪ್ಪು ಕೊಡೆ. ಬಿಸಿಲಿಗೂ ಬಿಚ್ಚುತ್ತಿರಲಿಲ್ಲ, ಮಳೆಗೂ ಬಿಚ್ಚುತ್ತಿರಲಿಲ್ಲ. ಅದು ಅಳತೆಗೋಲು. ಕೊಳವೆಗೂ ಕೆಳಗಿನ ಸಾಲಿನ ಎಲೆಗೂ ನಡುವೆ ಕೊಡೆ ನೆಟ್ಟಗೆ ನಿಲ್ಲಬೇಕು. ಕೊಳವೆಗೂ ಗೋಡೆಗೂ ನಡುವೆ ಕೊಡೆಯ ಹಿಡಿ ಸಲೀಸಾಗಿ ಆಡಬೇಕು. ಆಡಲಿಲ್ಲವೋ, ಆ ಬ್ಯಾರನ್ನಿಗೆ ಸಹಿ ಇಲ್ಲ. "ಕೊಡೆ ಸಾಹೇಬ್ರು ಬಂದ್ರು ಕಣ್ಲಾ" ಎಂದು ಹುಡುಗರು ಕೂಗುತ್ತಿದ್ದರು.

ಜನಕ್ಕೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. "ಇದೇನ್ ಸಾ, ಬೆಂಕಿ ನಮ್ದು, ಕೊಳವೆ ನಮ್ದು, ಒಗೆ ನಮ್ದು. ನಡುವೆ ನಿಮ್ದೇನು?" ಎಂದು ಒಬ್ಬ ಎದುರಿಗೇ ಕೇಳಿದ್ದ. ಇವರು ಕುಕ್ಕರಗಾಲಲ್ಲಿ ಕೂತು, ಅವನ ಕೊಳವೆಯ ಬಾಯಿಗೆ ತೋಳು ತೂರಿಸಿ, ಹೊರಗೆ ತೆಗೆದು ತೋರಿಸಿದರು. ಮೊಣಕೈಯಿಂದ ಕೆಳಕ್ಕೆ ಉದ್ದ ಗೀರು, ರಕ್ತ. ತಗಡು ಜೋಡಿಸಿದ ಮೊಳೆಯ ಮೊನೆಗಳು ಒಳಗಡೆ ಚಾಚಿಕೊಂಡಿದ್ದವು. "ನೋಡಪ್ಪಾ, ನನ್ನ ಕೈ ಹಿಡಿದುಕೊಳ್ಳೋ ಮೊಳೆ ಮಸೀನೂ ಹಿಡಿದುಕೊಳ್ತದೆ. ಮಸಿ ಕಟ್ತದೆ, ದಾರಿ ಮುಚ್ತದೆ, ಹೊಗೆ ವಾಪಸ್ ಬರ್ತದೆ. ಬಿಚ್ಚಿಸು." ಅವರ ಎರಡೂ ತೋಳಿನ ಮೇಲೆ ಅಂಥ ಗೀರುಗಳು ಒಂದರ ಮೇಲೊಂದು ಬಿದ್ದು, ಬೇಲಿಯಲ್ಲಿ ನುಗ್ಗಿದ ದನದ ಮೈಯಂತಾಗಿತ್ತು. ನಾನು ಕೊಬ್ಬರಿ ಎಣ್ಣೆ ಕೊಟ್ಟರೆ ಹಚ್ಚಿಕೊಳ್ಳುತ್ತಿದ್ದರು. ಮಾರನೆಯ ದಿನ ಇನ್ನೊಂದು ಕೊಳವೆಗೆ ಕೈ ತೂರಿಸುತ್ತಿದ್ದರು.

ಇನ್ನೊಂದು ಕಡೆ ಅಣ್ಣತಮ್ಮಂದಿರು ಪಾಲಾಗಿ ಮಾತು ಬಿಟ್ಟಿದ್ದರು. ತಮ್ಮನಾದವನು ಬ್ಯಾರನ್ ಕಟ್ಟಿಸಿ, ಚಿಮಣಿಯನ್ನು ಮೇಲಕ್ಕೆತ್ತದೆ ಅಡ್ಡಕ್ಕೆ ತಿರುಗಿಸಿ, ಸರಿಯಾಗಿ ಅಣ್ಣನ ಅಡುಗೆಮನೆ ಕಿಟಕಿಗೆ ಹೊಂದಿಸಿ ಇಟ್ಟಿದ್ದ. "ಯಾಕಯ್ಯಾ ಹೊಗೆ ಅಡ್ಡ ಹೋಗ್ತಿದೆ?" ಎಂದು ಇವರು ಕೇಳಿದರು. "ಗಾಳಿ ಅಂಗದೆ ಸಾ" ಎಂದ. "ಗಾಳಿ ಅಲ್ಲ ಕಣಯ್ಯಾ, ಅದು ನಿನ್ನ ಹೊಟ್ಟೆಕಿಚ್ಚು. ಹೊಟ್ಟೆಕಿಚ್ಚಿಗೆ ನಾನು ಲೈಸೆನ್ಸ್ ಕೊಡಲ್ಲ. ಸೂರಿಗಿಂತ ಮೇಲಕ್ಕೆ ಎತ್ತು." ಅಣ್ಣನಿಗೆ ಖುಷಿಯೋ ಖುಷಿ. ಒಂದು ಚಿಪ್ಪು ರಸಬಾಳೆ ಹೊತ್ತು ತಂದ. ಅವನನ್ನೂ ಬಿಡಲಿಲ್ಲ. ನಿನ್ನ ಸೌದೆ ಅಟ್ಟಿ ತಮ್ಮನ ಬ್ಯಾರನ್ ಗೋಡೆಗೆ ತಾಗಿಕೊಂಡಿದೆ, ತೆಗೆ ಎಂದು ಬೈದು ಬಾಳೆಹಣ್ಣನ್ನು ವಾಪಸ್ಸು ಹೊರಿಸಿ ಕಳಿಸಿದರು. ಹೀಗೆ ಒಂದೇ ಗಳಿಗೆಯಲ್ಲಿ ಎರಡೂ ಮನೆಗೆ ಬೇಡವಾದವರು.

ಗುಬ್ಬಿಯ ಪ್ರಸಂಗವಂತೂ ಊರಿಗೆಲ್ಲ ನಗೆಪಾಟಲು. ಒಬ್ಬ ತನ್ನ ಚಿಮಣಿಯಲ್ಲಿ ಗುಬ್ಬಿ ಗೂಡು ಕಟ್ಟದಿರಲೆಂದು ಅದರ ಬಾಯಿಗೆ ಬಲೆ ಬಿಗಿದಿದ್ದ. ಚಿಮಣಿ ಬಾಯಿಗೆ ಬಲೆ ಕೂಡದು, ಮಸಿ ಕಟ್ಟುತ್ತದೆ, ಕಿತ್ತುಹಾಕು ಎಂದರು. ಕಿತ್ತ. ಬೇಸಗೆಯಲ್ಲಿ ಗುಬ್ಬಿ ಬಂದು ಒಳಗೆ ಸಂಸಾರ ಹೂಡಿತು. ಮತ್ತೆ ನೋಡಲು ಹೋದ ಇವರು ಮರಿಗಳ ಸದ್ದು ಕೇಳಿ, "ಇನ್ನೊಂದಿಷ್ಟು ದಿನ ಬಿಟ್ಟು ಬರ್ತೀನಿ, ಅವು ಹಾರಿಹೋಗ್ಲಿ" ಎಂದು ಸೈಕಲ್ಲು ತಿರುಗಿಸಿದರು. "ನಮ್ಗೆ ಲೈಸನ್ಸಿಲ್ಲ, ಗುಬ್ಬಿಗೆ ಲೈಸನ್ಸು" ಎಂದು ಜನ ಆಡಿಕೊಂಡರು. ಸಾಹೇಬರಿಗೆ ಅದು ತಮಾಷೆ ಎಂದೇ ಹೊಳೆಯಲಿಲ್ಲ. ತಮಾಷೆ ಅವರ ತಲೆಗೆ ಹತ್ತುತ್ತಿದ್ದದ್ದು ಕಡಿಮೆ.

ಯಾರ ಮನೆಯಲ್ಲೂ ಒಂದು ತೊಟ್ಟು ಕಾಫಿ ಕುಡಿದವರಲ್ಲ. ಬ್ಯಾರನ್ನಿಗೆ ಮೊದಲ ಬೆಂಕಿ ಹಾಕುವ ದಿನ ಒಲೆಗೆ ಪೂಜೆ ಮಾಡಿ ಊರಿಗೆಲ್ಲ ಊಟ ಹಾಕುವುದು ನಮ್ಮ ಕಡೆ ರೂಢಿ. ಅಲ್ಲಿಗೂ ಹೋಗುತ್ತಿರಲಿಲ್ಲ. "ಉಂಡ ಮೇಲೆ ಕೊಳವೆ ಸೊಟ್ಟಗಿದ್ರೂ ನೆಟ್ಟಗೆ ಕಾಣ್ತದೆ ಮೇಷ್ಟ್ರೇ" ಎನ್ನುತ್ತಿದ್ದರು. ಕೋಣೆಯಲ್ಲಿ ತಾವೇ ಅನ್ನ, ಹುರುಳಿ ಸಾರು ಮಾಡಿಕೊಂಡು ಉಣ್ಣುತ್ತಿದ್ದರು. ದಿನವೂ ಸಂಜೆ ಅಂಗಿ ಒಗೆದು ಜಗಲಿಯ ಹಗ್ಗಕ್ಕೆ ಹಾಕುತ್ತಿದ್ದರು. ಮಳೆಗಾಲದಲ್ಲಿ ಕೊಡಗಿನ ಕಡೆಯಿಂದ ಜಿಟಿಜಿಟಿ ಹಿಡಿದರೆ ನಮ್ಮಲ್ಲಿ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಹಸಿ ಅಂಗಿಯನ್ನೇ ತೊಟ್ಟು ಮುಗ್ಗಲು ವಾಸನೆ ಹೊಡೆಯುತ್ತ ಹೊರಡುತ್ತಿದ್ದರು. ಒಂದು ದಿನ ನಾನು ರೇಗಿಸಿದೆ: "ಅಲ್ಲಾ ಸ್ವಾಮಿ, ಇಷ್ಟೊಂದು ಬ್ಯಾರನ್ನು ನಿಮ್ಮ ಕೈಯಲ್ಲಿವೆ. ಯಾವುದಾದರೂ ಒಂದರೊಳಗೆ ಈ ಅಂಗಿ ಹಾಕಿಬರಬಾರದೇ? ಗಳಿಗೆಯಲ್ಲಿ ಗರಿಗರಿ." ಅವರು ನಗಲಿಲ್ಲ. "ಅದು ಸೊಪ್ಪಿನ ಮನೆ ಮೇಷ್ಟ್ರೇ" ಎಂದು ಸೈಕಲ್ಲು ಹತ್ತಿದರು.

ಅವರ ಎಲ್ಲ ಕಟ್ಟಳೆಗಳಲ್ಲಿ ಜನಕ್ಕೆ ಅತಿ ಬೇಸರ ತರಿಸಿದ್ದು ತಂತಿ ಬಲೆಯದು. ಒಣಗಿದ ಎಲೆ ಮೇಲಿನಿಂದ ಉದುರಿ ಕಾದ ಕೊಳವೆಯ ಮೇಲೆ ಬಿದ್ದರೆ ಹೊತ್ತಿಕೊಳ್ಳುತ್ತದೆ; ಒಂದು ಎಲೆ ಹೊತ್ತಿದರೆ ಇಡೀ ಬ್ಯಾರನ್ ಮುಗಿಯಿತು. ಅದಕ್ಕೆ ಕೊಳವೆಯ ಉದ್ದಕ್ಕೂ ಗುಡಾರದಂತೆ ತಂತಿ ಬಲೆ ಹೊದಿಸಬೇಕು, ಬಿದ್ದ ಎಲೆ ಜಾರಿ ಪಕ್ಕಕ್ಕೆ ಹೋಗಬೇಕು. ಬಲೆ ಇಲ್ಲದಿದ್ದರೆ ಸಹಿ ಇಲ್ಲ. ಬೈದುಕೊಂಡೇ ಎಲ್ಲರೂ ಹಾಕಿಸಿದರು.

ಇನ್ನು ಆ ಮನೆಯ ಸಂಗತಿ. ಊರಿನ ಕೊನೆಯಲ್ಲಿ ಒಬ್ಬ ರೈತ, ಅವನ ತಾಯಿ, ಅವನ ಎರಡನೆಯ ಹೆಂಡತಿ. ಮೊದಲನೆಯವಳನ್ನು ತವರಿಗೆ ಅಟ್ಟಿದ್ದರು. ಯಾಕೆ ಗೊತ್ತೇ? ಮುಟ್ಟಾದ ದಿನ ಬ್ಯಾರನ್ನಿನ ಬಾಗಿಲಲ್ಲಿ ಸೌದೆ ಇಳಿಸಿದಳಂತೆ, ಆ ಸಲ ಸೊಪ್ಪು ಕಪ್ಪಾಯಿತಂತೆ. ನಮ್ಮವರಿಗೆ ಬ್ಯಾರನ್ ಎಂದರೆ ಲಕ್ಷ್ಮಿಯ ಗುಡಿ. ಚಪ್ಪಲಿ ಹೊರಗೆ ಬಿಡಬೇಕು. ಮುಟ್ಟಾದವರು, ಹೆತ್ತ ಸೂತಕದವರು ಹತ್ತಿರ ಸುಳಿಯಬಾರದು. ಬೆಂಕಿ ಜಾಸ್ತಿಯಾಗಿ ಸೊಪ್ಪು ಕಪ್ಪಾಯಿತೆಂದು ಯಾವ ಗಂಡಸೂ ಒಪ್ಪುವುದಿಲ್ಲ, ಹೆಂಗಸು ಸಿಕ್ಕಿದರೆ ಸಾಕು. ಆ ಅತ್ತೆಯ ಬಾಯಿಗಂತೂ ಊರೇ ಹೆದರುತ್ತಿತ್ತು.

ಬೇಸಗೆಯಲ್ಲಿ ಆ ಬ್ಯಾರನ್ ನೋಡಲು ಇವರು ಹೋಗಿದ್ದರು. ನನಗೂ ರಜೆ, ಜೊತೆಗೆ ಹೋಗಿದ್ದೆ. ಒಳಗೆಲ್ಲ ತೆವಳಿ, ಬಲೆ ಇಲ್ಲವೆಂದು ಗಂಡನಿಗೆ ಬೈದು, ಹಾಕಿಸಿದ ಮೇಲೆ ಬರುತ್ತೇನೆಂದು ಹೊರಗೆ ಬಂದರು. ಆ ಎರಡನೆಯ ಹೆಂಡತಿ, ಹೊಟ್ಟೆ ಮುಂದಕ್ಕೆ ಬಂದ ಬಸುರಿ, ಉರಿಬಿಸಿಲಲ್ಲಿ ಒಂದು ಚೊಂಬು ಹಿಡಿದು ನಿಂತಿದ್ದಳು. "ಮಜ್ಗೆ ಸಾ. ನೀವು ಕುಡ್ಯಲ್ಲ ಅಂತಾರೆ. ಬಿಸ್ಲಲ್ಲಿ ಮೋಕ ಬಾಡೋಗದೆ, ಒಂದ್ ಗುಟುಕು ಕುಡೀರಿ" ಎಂದಳು. ಅವರು ಬೇಡವೆನ್ನಲು ಬಾಯಿ ತೆರೆದರು. ಅವಳು ಚೊಂಬನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬಸುರಿ ಹೆಣ್ಣು ಬಿಸಿಲಲ್ಲಿ ನಿಂತಿದೆ ಎಂದು ಅವರಿಗೆ ಕಸಿವಿಸಿಯಾಯಿತು. ಚೊಂಬು ಇಸಿದುಕೊಂಡು ನಿಂತಲ್ಲೇ ಕುಡಿದರು. ಬೇಲಿಯಾಚೆ ನಾಲ್ಕು ಜನ ನೋಡುತ್ತಿದ್ದರು. ಆಮೇಲೆ ಬಲೆ ಹಾಕಿಸಿದರು, ಇವರು ಮತ್ತೆ ಹೋಗಿ ನೋಡಿ ಸಹಿ ಹಾಕಿದರು.

ಶ್ರಾವಣದಲ್ಲಿ ಅವಳಿಗೆ ಹೆರಿಗೆಯಾಯಿತು. ತವರಲ್ಲಿ ತಾಯಿ ಇರಲಿಲ್ಲ, ಹಾಗಾಗಿ ಬಾಣಂತನ ಗಂಡನ ಮನೆಯಲ್ಲೇ. ಹೊರಗೆ ಬಿಡದ ಜಿಟಿಜಿಟಿ. ಸೊಪ್ಪು ಕೊನೆಯ ಹದಕ್ಕೆ ಬಂದು ಬ್ಯಾರನ್ ನಿಗಿನಿಗಿ ಕಾದಿತ್ತು. ಒಂದು ಮಧ್ಯಾಹ್ನ ಶಾಲೆ ಊಟಕ್ಕೆ ಬಿಟ್ಟಾಗ ಹೊಗೆ ಕಾಣಿಸಿತು. ಚಿಮಣಿಯಿಂದಲ್ಲ, ಹೆಂಚಿನ ಸಂದಿಗಳಿಂದ. ಓಡಿದೆವು. ಗಂಡ ಅರ್ಧ ಉಂಡ ಎಂಜಲು ಕೈಯಲ್ಲೇ ಕೊಡಪಾನ ಹೊತ್ತು ಓಡಾಡುತ್ತಿದ್ದ. ನೋಡುನೋಡುತ್ತ ಹೆಂಚು ಒಳಕ್ಕೆ ಕುಸಿಯಿತು. ಜೀವಕ್ಕೆ ಏನೂ ಆಗಲಿಲ್ಲ. ಆದರೆ ವರ್ಷದ ಸೊಪ್ಪೆಲ್ಲ ಬೂದಿ, ಗೋಡೆ ಮಾತ್ರ ಉಳಿಯಿತು. ಅತ್ತೆ ಎದೆ ಬಡಿದುಕೊಂಡು ಅಳುತ್ತಿದ್ದಳು: "ಯಾವ್ ಮುಂಡೆ ಮುಟ್ಟುದ್ಲೋ, ಯಾವ್ ಸೂತ್ಕ ಒಳೀಕ್ ಓಯ್ತೋ!"

ಸಂಜೆಯ ಹೊತ್ತಿಗೆ ಇವರು ಸೈಕಲ್ಲಿನಲ್ಲಿ ತೊಯ್ದುಕೊಂಡು ಬಂದರು. ಯಾರೊಡನೆಯೂ ಮಾತಾಡದೆ ಬೂದಿಯೊಳಗೆ ಇಳಿದರು. ನಾನೂ ಹಿಂದೆಯೇ ಇಳಿದೆ. ಕೊಳವೆಯ ಜಾಯಿಂಟುಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದರು. ಎಲ್ಲವೂ ಗಟ್ಟಿ, ಒಂದೂ ಬಾಯಿಬಿಟ್ಟಿರಲಿಲ್ಲ. "ಇದಲ್ಲ ಮೇಷ್ಟ್ರೇ, ಇದಲ್ಲ" ಎಂದು ಗೊಣಗಿದರು. ಒಲೆಯ ಕಡೆಯ ಮೂಲೆಯಲ್ಲಿ ಬಲೆ ಒಂದು ಕಡೆ ಜಗ್ಗಿತ್ತು. ತಂತಿಗೆ ಕರಿಕು ಬಟ್ಟೆ ಅಂಟಿಕೊಂಡಿತ್ತು. ಅದರ ಕೆಳಗೆ, ಒದ್ದೆ ಹೆಂಚಿನ ಚೂರಿನಡಿ, ಸುಡದೆ ಉಳಿದ ಒಂದು ತುಂಡು ಸಿಕ್ಕಿತು. ಹಳೆಯ ಸೀರೆಯಿಂದ ಹರಿದ ಮಗುವಿನ ಬಟ್ಟೆ, ಕೆಂಪು ಅಂಚು. ನೋಡಿದ ತಕ್ಷಣ ನನಗೂ ಗೊತ್ತಾಯಿತು. ಮಗುವಿನ ಬಟ್ಟೆ ಒಣಗಿಸಲು ಬೇರೆ ದಾರಿಯಿಲ್ಲದೆ ಬಾಣಂತಿ ಯಾರೂ ಇಲ್ಲದ ಹೊತ್ತಿನಲ್ಲಿ ಒಳಗೆ ನುಗ್ಗಿ, ಬಲೆಯ ಮೇಲೆ ಹರವಿದ್ದಾಳೆ. ಸಾಹೇಬರು ಹಟ ಹಿಡಿದು ಹಾಕಿಸಿದ ಅದೇ ಬಲೆ. ಬಟ್ಟೆ ಒಣಗಿಸಲೆಂದೇ ಮಾಡಿಸಿದ ಹಾಗಿತ್ತಲ್ಲ ಅದು! ಒಂದು ಬಟ್ಟೆ ಕೆಳಗೆ ಜಾರಿ ಕೊಳವೆಗೆ ತಾಗಿದೆ.

ಮನೆಯ ಗೋಡೆಯ ಮರೆಯಲ್ಲಿ ಅವಳು ಮಗುವನ್ನು ಅವುಚಿಕೊಂಡು ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. "ಏನ್ ಸಾ ಅದು? ಏನ್ ಸಿಕ್ತು?" ಎಂದು ಅತ್ತೆ ಮುಂದೆ ಬಂದಳು. ಇವರು ಜನರ ಕಡೆ ಬೆನ್ನು ತಿರುಗಿಸಿ ಆ ತುಂಡನ್ನು ಕೊಡೆಯ ಮಡಿಕೆಯೊಳಗೆ ತುರುಕಿದರು. ಆ ಕೊಡೆಯಲ್ಲಿ ಅಳತೆಯಲ್ಲದೆ ಬೇರೇನಾದರೂ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದರು:

"ಏನಿಲ್ಲಮ್ಮ. ಕೊಳವೆ ಜಾಯಿಂಟು ಬಿಟ್ಟಿತ್ತು. ನಾನು ಸರಿಯಾಗಿ ನೋಡಬೇಕಿತ್ತು, ನೋಡಲಿಲ್ಲ."

ಜಗಲಿಗೆ ಬಂದ ಮೇಲೆ ನಾನು ಹರಿಹಾಯ್ದೆ. "ಏನ್ರೀ ನಿಮಗೆ ತಲೆ ಕೆಟ್ಟಿದೆಯೇ? ಮಾಡದ ತಪ್ಪನ್ನು ಮೈಮೇಲೆ ಎಳಕೊಳ್ತೀರಲ್ಲ, ಈ ಜನ ನಿಮ್ಮನ್ನು ಸುಮ್ಮನೆ ಬಿಡ್ತಾರಾ?"

ಅವರು ಒದ್ದೆ ಅಂಗಿ ಬಿಚ್ಚಿ ಹಿಂಡುತ್ತ ಹೇಳಿದರು, "ಮೇಷ್ಟ್ರೇ, ಬ್ಯಾರನ್ ಹೋಯ್ತು, ಮತ್ತೆ ಕಟ್ಕೋತಾರೆ. ಸೂತಕದ ಬಟ್ಟೆ ಒಳಗಿತ್ತು ಅಂತ ಆ ಅತ್ತೆಗೆ ಗೊತ್ತಾದ್ರೆ ಆ ಹುಡುಗೀನ ಕೂಸಿನ ಸಮೇತ ಇವತ್ತೇ ಹೊರಗೆ ಹಾಕ್ತಾರೆ. ತವರಲ್ಲಿ ಅವಳಿಗೆ ಯಾರಿದಾರೆ?"

"ಅದಕ್ಕೆ ನಿಮ್ಮ ಹೆಸರೇ ಬೇಕಿತ್ತೇ?"

"ಪೂರ್ತಿ ಸುಳ್ಳೂ ಅಲ್ಲ ಅದು. ಬಲೆ ಹಾಕ್ಸಿದ್ದು ನಾನು. ಮಳೆಗಾಲದಲ್ಲಿ ಹಸುಗೂಸು ಇರೋ ಹೆಂಗಸಿಗೆ ಆ ಬಲೆ ಕಂಡ್ರೆ ಏನನ್ನಿಸ್ತದೆ ಅಂತ ನಾನು ಯೋಚನೆ ಮಾಡ್ಲಿಲ್ಲ. ನೀವು ಅವತ್ತು ನನ್ನ ಅಂಗಿ ವಿಚಾರ ತಮಾಷೆ ಮಾಡಿದ್ರಿ. ಆಗಲೇ ಹೊಳೀಬೇಕಿತ್ತು ನನಗೆ." ಅಂಗಿಯನ್ನು ಹಗ್ಗಕ್ಕೆ ಹಾಕಿ ಕೈಮುಗಿದರು. "ನೀವು ಬಾಯಿ ಬಿಡಕೂಡದು. ಎಲ್ಲೂ, ಯಾರ ಹತ್ರಾನೂ. ಮಾತು ಕೊಡಿ." ಅವರ ಒಳ್ಳೆಯತನಕ್ಕೆ ಬೆಂಕಿ ಬೀಳಲಿ ಎಂದುಕೊಳ್ಳುತ್ತಲೇ ಮಾತು ಕೊಟ್ಟೆ.

ನಾನು ಹೇಳಿದ ಹಾಗೇ ಆಯಿತು. ಸಾಹೇಬರೇ ತಪ್ಪೊಪ್ಪಿಕೊಂಡರಲ್ಲ, ಊರಿಗೆ ಹಬ್ಬ. ಯಾಕೆ ಸರಿಯಾಗಿ ನೋಡಲಿಲ್ಲ ಎಂಬ ಪ್ರಶ್ನೆ ಎದ್ದಿತು. ಮಜ್ಜಿಗೆ ನೆನಪಾಯಿತು. "ನಮ್ಮನೇಲಿ ಕಾಪಿ ಮುಟ್ನಿಲ್ಲ, ಅಲ್ಲಿ ಚೊಂಬೆತ್ಕಂಡು ಕುಡುದ್ರಲ್ಲ, ಬರೀ ಮಜ್ಗೆನೇ ಅಂತೀರಾ?" ಎಂದು ಒಬ್ಬ ಶುರುಮಾಡಿದ. ಚಿಮಣಿ ಎತ್ತಿಸಿಕೊಂಡವನು, ಸೌದೆ ತೆಗೆಸಿಕೊಂಡವನು, ಮೊಳೆ ಬಿಚ್ಚಿಸಿಕೊಂಡವನು, ಎಲ್ಲರೂ ದನಿ ಸೇರಿಸಿದರು. ಪಾಲಾದಾಗಿನಿಂದ ಮಾತು ಬಿಟ್ಟಿದ್ದ ಆ ಅಣ್ಣತಮ್ಮಂದಿರು ಈ ಒಂದು ವಿಷಯದಲ್ಲಿ ಒಂದಾದರು. ಅಧಿಕಾರಿಯದೇ ತಪ್ಪೆಂದು ತೀರ್ಮಾನವಾದರೆ ಬೇಗ ಹೊಸ ಲೈಸೆನ್ಸು ಸಿಗುತ್ತದೆಂದು ಯಾರೋ ಆ ಗಂಡನ ಕಿವಿ ಊದಿದರು. ಅವನು ಅರ್ಜಿ ಹಾಕಿದ.

ವಿಚಾರಣೆ ನಡೆದದ್ದು ನಮ್ಮ ಶಾಲೆಯ ಜಗಲಿಯಲ್ಲೇ. ಮೈಸೂರಿನಿಂದ ಬಂದ ಮೇಲಧಿಕಾರಿಗೆ ನನ್ನ ಕುರ್ಚಿಯನ್ನೇ ಕೊಟ್ಟಿದ್ದೆ. ಗಂಡ ಕಣ್ಣು ಮಿಟುಕಿಸದೆ, "ಕೊಟ್ಟೆ ಸ್ವಾಮಿ, ಕೈಬೆಚ್ಚಗೆ ಮಾಡ್ದೆ" ಎಂದ. ಅವಳನ್ನು ಕರೆದರು. ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದಳು.

"ಮಜ್ಜಿಗೆ ಕೊಟ್ಟದ್ದು ನೀನೇನಮ್ಮ?"

"ನಾನೇಯ."

"ಮಜ್ಜಿಗೆ ಜೊತೆ ಬೇರೇನಾದರೂ ಕೊಟ್ಟೆಯಾ? ನಿನ್ನ ಗಂಡ ಕೊಟ್ಟದ್ದನ್ನು ನೋಡಿದೆಯಾ?"

ಅವಳು ಗಂಡನ ಕಡೆ ನೋಡಿದಳು, ಅತ್ತೆಯ ಕಡೆ ನೋಡಿದಳು, ತಲೆ ತಗ್ಗಿಸಿದಳು. ಬಟ್ಟೆಯ ಮಾತು ಯಾರೂ ಎತ್ತಿರಲಿಲ್ಲ. 'ಇಲ್ಲ' ಎಂಬ ಒಂದು ಮಾತು ಸಾಕಿತ್ತು. ಅದನ್ನು ಆಡಿದ್ದರೆ ಇವರ ಕೆಲಸ ಹೋಗುತ್ತಿತ್ತೋ ಏನೋ, ಮಾನ ಉಳಿಯುತ್ತಿತ್ತು. ಅವಳ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೂ ಆ ಮೌನವನ್ನು ನಾನು ವರ್ಷಗಟ್ಟಲೆ ಕ್ಷಮಿಸಲಿಲ್ಲ. ನಾನು ತಡೆಯಲಾರದೆ ಎದ್ದು ನಿಂತೆ. ಗೋಡೆಗೆ ಒರಗಿ ನಿಂತಿದ್ದ ಇವರು ಶಾಂತವಾಗಿ, "ಮೇಷ್ಟ್ರೇ, ಕೂತ್ಕೊಳ್ಳಿ" ಎಂದರು. ಕೂತೆ. ಕೊಡೆ ಅವರ ಕಂಕುಳಲ್ಲೇ ಇತ್ತು.

ಆಮೇಲೆ ಅವರನ್ನು ಎಚ್.ಡಿ. ಕೋಟೆಯ ಆಚೆ, ಸರಗೂರಿಗೆ ಎತ್ತಿಹಾಕಿದರು. ದರ್ಜೆ ಇಳಿಸಿ, ಕೊಳವೆಯ ಗೊಡವೆಯೇ ಇಲ್ಲದ ಒಂದು ಮೂಲೆಯ ಕೆಲಸ. ಒಂದು ಸಲ ನೋಡಲು ಹೋಗಿದ್ದೆ. ಹೋಟೆಲಿನಲ್ಲಿ ಟೀ ಕುಡಿಯುತ್ತ ಕೂತಾಗ ಅವರ ಕಣ್ಣು ತಾನಾಗಿ ಒಲೆಯ ಹೊಗೆ ಕೊಳವೆಯ ಮೇಲೆ ಹೋಯಿತು. ಕೊಳವೆ ಸೂರಿನ ಗಳಕ್ಕೆ ತಾಗಿಕೊಂಡೇ ಹೋಗಿತ್ತು. ಏನೋ ಹೇಳಲು ಹೊರಟವರು ಬಾಯಿ ಮುಚ್ಚಿ ಟೀ ಲೋಟ ನೋಡತೊಡಗಿದರು.

ನನ್ನನ್ನು ಬಸ್ಸು ಹತ್ತಿಸಲು ಬಂದಾಗ ಮೆಲ್ಲಗೆ ಕೇಳಿದರು, "ಊರಲ್ಲಿ ಯಾರಾದ್ರೂ ಬ್ಯಾರನ್ ಒಳಗೆ ಬಟ್ಟೆ ಒಣಹಾಕ್ತಾರಾ ಮೇಷ್ಟ್ರೇ? ಹಾಕ್ಬೇಡಿ ಅಂತ ಹೇಳಬೇಕಲ್ಲ."

"ಹೇಳಿದರೆ ಯಾಕೆ ಅಂತ ಕೇಳ್ತಾರೆ" ಎಂದೆ.

"ಹೌದು. ಕೇಳ್ತಾರೆ, ಅಲ್ವಾ?" ಎಂದರು. ಎಲ್ಲ ಕಟ್ಟಳೆಗಳನ್ನೂ ಊರೂರಿಗೆ ಕೂಗಿ ಹೇಳಿದ ಮನುಷ್ಯ, ತನ್ನ ಹೆಸರನ್ನೇ ಕಳೆದುಕೊಂಡು ಕಲಿತ ಈ ಒಂದನ್ನು ಮಾತ್ರ ಯಾರಿಗೂ ಹೇಳುವಂತಿರಲಿಲ್ಲ. ಅದರ ನಂತರ ನಾನು ಅವರನ್ನು ನೋಡಲಿಲ್ಲ.

ಹುಣಸೂರಿನಲ್ಲಿ ಸುದ್ದಿ ಕೇಳಿದ ಸಂಜೆ ಊರಿಗೆ ಬಂದವನು ಸೀದಾ ಆ ಮನೆಗೆ ಹೋದೆ. ಅದೇ ಶ್ರಾವಣದ ಮಳೆ. ಅತ್ತೆ ಸತ್ತು ಕೆಲವು ಕಾಲವಾಗಿತ್ತು. ಈಗ ಅವಳೇ ಮನೆಯೊಡತಿ. ಅವತ್ತಿನ ಕೂಸು ನನ್ನ ಶಾಲೆಯಲ್ಲೇ ಓದುತ್ತಿತ್ತು. ಅದೇ ಗೋಡೆಗಳ ಮೇಲೆ ಹೊಸ ಹೆಂಚು ಹೊದಿಸಿದ ಬ್ಯಾರನ್ನಿನ ಬಾಗಿಲಲ್ಲಿ ಅವಳು ನಿಂತಿದ್ದಳು.

"ಬನ್ನಿ ಮೇಷ್ಟ್ರೇ. ಇದೇನ್ ಮಳೇಲಿ ಬಂದ್ರಿ?"

"ಕೊಡೆ ಸಾಹೇಬರು ಹೋದರಂತಮ್ಮ."

"ಅಯ್ಯೋ, ಅವ್ರಾ? ಪಾಪ!" ಎಂದು ಕೆನ್ನೆಯ ಮೇಲೆ ಕೈಯಿಟ್ಟಳು. ನಿಜವಾಗಿಯೇ ನೊಂದವಳಂತೆ ಕಂಡಳು. ಆಮೇಲೆ ಹೇಳಿದಳು, "ಮನ್ಸ ಒಳ್ಳೇರೇಯ. ದುಡ್ಡಿನಾಸೆ ಒಂದು ಇಲ್ದಿದ್ರೆ."

ಅವಳ ಹಿಂದೆ ಬಾಗಿಲು ಅರ್ಧ ತೆರೆದಿತ್ತು. ಒಳಗಿನ ಕಾವು ಮುಖಕ್ಕೆ ಹೊಡೆಯಿತು. ಕೊಳವೆಯ ಮೇಲೆ ತಂತಿ ಬಲೆ, ಬಲೆಯ ಮೇಲೆ ಒಂದು ಬಿಳಿ ಅಂಗಿ, ಒಂದು ಖಾಕಿ ಚಡ್ಡಿ, ಒಂದು ಟವಲು.

"ಇದೇನಮ್ಮ ಇದು?"

"ಇನ್ನೇನ್ ಮಾಡನ ಮೇಷ್ಟ್ರೇ, ಬಿಸ್ಲು ಕಂಡು ಎಷ್ಟ್ ದಿನ ಆಯ್ತು! ಯೂನಿಫಾರಂ ಆಕ್ದೆ ಬಂದ್ರೆ ನೀವೇ ಒಡೀತೀರಿ."

"ಅವತ್ತು ಆದದ್ದು ಮರೆತುಹೋಯಿತೇ?"

ಅವಳು ದನಿ ತಗ್ಗಿಸಿದಳು. "ಅವತ್ತು ನಂಗೂ ಅಂಗೇ ಅನ್ಸಿತ್ತು. ನನ್ ಬಟ್ಟೆಯಿಂದ್ಲೇ ಅಂತ ಜೀವ ಬಾಯಿಗ್ ಬಂದಿತ್ತು. ಆಮೇಕೆ ಸಾಹೇಬ್ರೇ ಏಳಿದ್ರಲ್ಲ, ಜಾಯಿಂಟು ಬಿಟ್ಟಿತ್ತು ಅಂತ. ಅಷ್ಟು ತಿಳ್ದೋರು ಸುಳ್ಳು ಏಳ್ತಾರಾ? ಈಗ ಕೊಳವೆ ಒಸದು ಬುಡಿ, ಜಾಯಿಂಟೆಲ್ಲ ಬದ್ರವಾಗವೆ."

ಅವರು ಆ ತುಂಡನ್ನು ಬಚ್ಚಿಟ್ಟದ್ದನ್ನು ಅವಳು ಕಂಡಿದ್ದಾಳೆ, ಎಲ್ಲ ಗೊತ್ತಿದ್ದೇ ವಿಚಾರಣೆಯಲ್ಲಿ ಬಾಯಿ ಮುಚ್ಚಿಕೊಂಡಳು ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಕಂಡೇ ಇರಲಿಲ್ಲ. ಅವಳನ್ನು ಉಳಿಸಲು ಅವರು ಹೇಳಿದ ಸುಳ್ಳನ್ನು ಎಲ್ಲರಿಗಿಂತ ಚೆನ್ನಾಗಿ ನಂಬಿದವಳು ಅವಳೇ. ಆ ನಂಬಿಕೆಯಲ್ಲಿ ತನ್ನ ಮಗನ ಅಂಗಿಯನ್ನು ಮತ್ತೆ ಅದೇ ಬಲೆಯ ಮೇಲೆ ಹರವಿದ್ದಳು.

ಕೊಟ್ಟ ಮಾತು ಸುಡಲಿ ಎನಿಸಿತು. "ಜಾಯಿಂಟು ಬಿಟ್ಟಿರಲಿಲ್ಲ ಕಣಮ್ಮ" ಎಂದು ಕೂಗಿಯೇ ಬಿಟ್ಟೆ. "ಸುಟ್ಟದ್ದು ನಿನ್ನ ಬಟ್ಟೆಯಿಂದಲೇ. ಕೆಂಪು ಅಂಚಿನದು. ನಿನ್ನನ್ನು ಹೊರಗೆ ಹಾಕುತ್ತಾರೆಂದು ಅವರು ಅದನ್ನು ಕೊಡೆಯೊಳಗೆ ಬಚ್ಚಿಟ್ಟುಕೊಂಡು ಹೋದರು. ಒಂದು ಕಾಸು ಮುಟ್ಟಿದವರಲ್ಲ ಅವರು!"

ಅವಳು ಕಂಬದಂತೆ ನಿಂತಳು. ಆಮೇಲೆ ಒಳಗೆ ನುಗ್ಗಿ ಅಂಗಿ, ಚಡ್ಡಿ, ಟವಲನ್ನು ಬರಬರನೆ ಬಾಚಿ ಎದೆಗೆ ಅವುಚಿಕೊಂಡು ಬಂದಳು. ಕಣ್ಣಿಂದ ನೀರು ಇಳಿಯುತ್ತಿತ್ತು. ಮನೆಯ ಬಾಗಿಲ ಕಡೆ ಒಮ್ಮೆ ನೋಡಿ, ನನ್ನ ಹತ್ತಿರ ಬಂದು ಪಿಸುಗುಟ್ಟಿದಳು:

"ಜೋರಾಗಿ ಅನ್ಬ್ಯಾಡಿ ಮೇಷ್ಟ್ರೇ, ನಿಮ್ ಕಾಲಿಗ್ ಬೀಳ್ತೀನಿ. ನಮ್ಮೋರು ಒಳಗವ್ರೆ."

ಅದಕ್ಕೇ ಅವರ ಹೆಸರನ್ನು ಬರೆದಿಲ್ಲ. ಅವರ ಹೆಸರು ಬರೆದರೆ ಊರು ಗೊತ್ತಾಗುತ್ತದೆ, ಊರು ಗೊತ್ತಾದರೆ ಮನೆ ಗೊತ್ತಾಗುತ್ತದೆ. ಆ ಮನೆಯಲ್ಲಿ ಅವಳು ಇನ್ನೂ ಬಾಳಬೇಕು. ಹುಣಸೂರಿನ ಬಸ್ ನಿಲ್ದಾಣದಲ್ಲಿ ಯಾರಾದರೂ ಬ್ಯಾರನ್ ಸುಟ್ಟ ಸಾಹೇಬ್ರು ಎಂದರೆ, ನಾನು ಈಗಲೂ ಹೂಂ ಎನ್ನುತ್ತೇನೆ.